ಗೋಪುರದ ಹಿಂದೆ ಚಂದ್ರನನ್ನು ನಿಲ್ಲಿಸುವುದು ಹೇಗೆ?

ಹಳೆಯ ಗೋಪುರವೊಂದರ ತುದಿಯನ್ನು ಮುಳುಗಿಸುವಷ್ಟು ದೊಡ್ಡ ಚಂದ್ರ ಮೂಡಿದ ಚಿತ್ರ ಕಂಡರೆ, ಎರಡು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಅಂಟಿಸಿರಬೇಕು ಎಂಬ ಅನುಮಾನ ಬರುವುದು ಸಹಜ. ಅಂಟಿಸಿದವು ಬೇಕಾದಷ್ಟಿವೆ. ಆದರೆ ಒಂದೇ ಕ್ಲಿಕ್ಕಿನಲ್ಲಿ ಅಂಥ ಚಿತ್ರ ಪಡೆಯುವುದು ಖಂಡಿತ ಸಾಧ್ಯ. ಅದಕ್ಕೆ ಬೇಕಾದದ್ದು ಸ್ವಲ್ಪ ಲೆಕ್ಕ ಮತ್ತು ಕಟ್ಟಡದಿಂದ ಸಾಕಷ್ಟು ದೂರ ಹೋಗುವ ಮನಸ್ಸು.

ಮೊದಲು ದೂರ

ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ದಿಗಂತದ ಬಳಿ ಅವನು ದೊಡ್ಡದಾಗಿ ಕಾಣುವುದು ನಮ್ಮ ಭ್ರಮೆ. ಕ್ಯಾಮೆರಾಕ್ಕೆ ಆ ಭ್ರಮೆಯಿಲ್ಲ. ನಿಜ ಹೇಳಬೇಕೆಂದರೆ, ನೆತ್ತಿಯ ಮೇಲಿದ್ದಾಗಿನದಕ್ಕಿಂತ ಮೂಡುವಾಗ ಅವನು ನಮಗೆ ಹೆಚ್ಚು ದೂರದಲ್ಲಿದ್ದು, ಅಳೆದರೆ ತುಸು ಚಿಕ್ಕದಾಗಿಯೇ ಸಿಗುತ್ತಾನೆ. ಚಂದ್ರ ದೊಡ್ಡದಾಗಿ ಕಾಣಬೇಕಾದರೆ ಕಟ್ಟಡ ಚಿಕ್ಕದಾಗಬೇಕು. ಅಂದರೆ ನಾವು ಹಿಂದೆ ಸರಿಯಬೇಕು.

ಯಾವುದೇ ವಸ್ತುವನ್ನು ಅದರ ಅಗಲದ ಸುಮಾರು 110 ಪಟ್ಟು ದೂರದಿಂದ ನೋಡಿದರೆ ಅದು ಚಂದ್ರನಷ್ಟೇ ಅಗಲವಾಗಿ ಕಾಣುತ್ತದೆ. 10 ಮೀಟರ್ ಅಗಲದ ಗುಮ್ಮಟ ಚಂದ್ರನೊಳಗೆ ಸರಿಯಾಗಿ ಕೂರಬೇಕಾದರೆ 1.1 ಕಿ.ಮೀ. ದೂರ ನಿಲ್ಲಬೇಕು. ಕಟ್ಟಡದ ಅಂಗಳದಲ್ಲೇ ನಿಂತು ತೆಗೆದ ಚಿತ್ರದಲ್ಲಿ ಚಂದ್ರ ಚುಕ್ಕೆಯಾಗುವುದಕ್ಕೆ ಕಾರಣ ಲೆನ್ಸ್ ಅಲ್ಲ, ಈ ದೂರದ ಕೊರತೆ.

ಇದರ ಜೊತೆಗೆ ಎತ್ತರದ ಕೋನ ತಿಳಿದಿರಬೇಕು. 40 ಮೀಟರ್ ಎತ್ತರದ ಗೋಪುರವನ್ನು ಒಂದೂವರೆ ಕಿ.ಮೀ. ದೂರದ ಸಮತಟ್ಟು ಜಾಗದಿಂದ ನೋಡಿದರೆ ತುದಿ ಸುಮಾರು 1.5 ಡಿಗ್ರಿ ಎತ್ತರದಲ್ಲಿರುತ್ತದೆ. ಚಂದ್ರ ಮೂಡುವ ಕ್ಷಣದ ದಿಕ್ಕನ್ನಲ್ಲ, ಅವನು ಈ ಎತ್ತರಕ್ಕೆ ಬಂದಾಗಿನ ದಿಕ್ಕನ್ನು ಹುಡುಕಿ. ಅವನು ಓರೆಯಾಗಿ ಏರುವುದರಿಂದ ಇವೆರಡೂ ಒಂದೇ ಆಗಿರುವುದಿಲ್ಲ. ಎಷ್ಟೋ ಯೋಜನೆಗಳು ಕೆಡುವುದು ಇಲ್ಲೇ.

ದಿನ ಮತ್ತು ಜಾಗ

ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುತ್ತಾನೆ. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದರಿಂದ ಹಿಂದಿನ ದಿನ ಇನ್ನೂ ಬಿಸಿಲಿರುವಾಗಲೇ ಬಂದಿರುತ್ತಾನೆ, ಮರುದಿನ ಕತ್ತಲಾದ ಮೇಲೆ. ನನಗೆ ಇಷ್ಟವಾದದ್ದು ಸೂರ್ಯಾಸ್ತದ ನಂತರದ ಹತ್ತಿಪ್ಪತ್ತು ನಿಮಿಷ: ಆಗ ಕಲ್ಲಿನ ಕೆತ್ತನೆಯೂ ಚಂದ್ರನ ಕಲೆಗಳೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಪೂರ್ಣ ಕತ್ತಲಲ್ಲಿ ಕಟ್ಟಡಕ್ಕೆ ದೀಪಾಲಂಕಾರ ಇಲ್ಲದಿದ್ದರೆ ಎರಡನ್ನೂ ಹಿಡಿಯುವುದು ಬಹಳ ಕಷ್ಟ.

ಕಟ್ಟಡದಿಂದ ಚಂದ್ರನ ವಿರುದ್ಧ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆದರೆ ನೀವು ನಿಲ್ಲಬೇಕಾದ ಜಾಗ ಆ ಗೆರೆಯ ಮೇಲೆಲ್ಲೋ ಇರುತ್ತದೆ. ಫೋಟೋಪಿಲ್ಸ್ ಆ್ಯಪ್ ಈ ಗೆರೆಯನ್ನು ತಾನೇ ತೋರಿಸುತ್ತದೆ. ಉಚಿತವಾದ ಸ್ಟೆಲೇರಿಯಂ ತಂತ್ರಾಂಶದಲ್ಲಿ ದಿಕ್ಕು, ಎತ್ತರಗಳನ್ನು ನಿಮಿಷ ನಿಮಿಷಕ್ಕೂ ನೋಡಬಹುದು. ಆದರೆ ಆ ಜಾಗಕ್ಕೆ ಹಗಲಿನಲ್ಲಿ ಒಮ್ಮೆ ಹೋಗಿ ಬರಲೇಬೇಕು. ಮರ, ತಂತಿ, ಹೊಸ ಕಟ್ಟಡ, ಹಿಂದಿನ ಬೆಟ್ಟ, ಬೀಗ ಹಾಕಿದ ಗೇಟು ಇವೆಲ್ಲ ನಕ್ಷೆಯಲ್ಲಿ ಕಾಣುವುದಿಲ್ಲ. ಖಾಸಗಿ ಜಾಗವಾದರೆ ಅನುಮತಿಯನ್ನು ಆಗಲೇ ಕೇಳಿ.

ಕ್ಯಾಮೆರಾ

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಚಂದ್ರನ ಬಿಂಬ, ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನ 110ನೇ ಒಂದು ಭಾಗದಷ್ಟಿರುತ್ತದೆ: 400 ಮಿ.ಮೀ. ಲೆನ್ಸಿನಲ್ಲಿ ಸುಮಾರು 3.6 ಮಿ.ಮೀ. ಗಟ್ಟಿ ಟ್ರೈಪಾಡ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ), ಎರಡು ಸೆಕೆಂಡಿನ ಟೈಮರ್ ಇರಲಿ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್ 8, ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗದಿಂದ ಆರಂಭಿಸಿ, ಸೆನ್ಸರಿನ ಸಂವೇದನೆ ಹೇಳುವ ಐಎಸ್‌ಒ ಬೆಳಕಿಗೆ ತಕ್ಕಂತೆ. ಚಂದ್ರ ಏರಿದಂತೆ ಪ್ರಖರವಾಗುತ್ತಾನೆ, ಕಟ್ಟಡ ಮಂಕಾಗುತ್ತದೆ; ಆದ್ದರಿಂದ ಚಂದ್ರನ ಮೈ ಬೆಳ್ಳಗೆ ಸುಟ್ಟುಹೋಗದಂತೆ ಹಿಸ್ಟೊಗ್ರಾಂ (ಚಿತ್ರದಲ್ಲಿನ ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ನೋಡುತ್ತಿರಿ. ಫೋಕಸ್ ಅನ್ನು ಕಟ್ಟಡದ ಅಂಚಿಗೆ ಕೈಯಿಂದ ಹೊಂದಿಸಿ. ಒಂದು ಕಿ.ಮೀ. ದೂರದ ಕಟ್ಟಡವೂ ಚಂದ್ರನೂ ಒಟ್ಟಿಗೇ ಸ್ಪಷ್ಟವಾಗಿರುತ್ತವೆ. ಬಿಸಿಯಾದ ನೆಲ, ತಾರಸಿಗಳ ಮೇಲಿನ ಗಾಳಿ ಅಂಚುಗಳನ್ನು ಅಲುಗಿಸುತ್ತದೆ. ಅದಕ್ಕೆ ಲೆನ್ಸಿನಲ್ಲಿ ಮದ್ದಿಲ್ಲ.

ಆ ಎರಡು ನಿಮಿಷ

ಚಂದ್ರ ತನ್ನ ಅಗಲದಷ್ಟು ಸರಿಯಲು ಸುಮಾರು ಎರಡು ನಿಮಿಷ ಸಾಕು. ನೀವು ಒಂದೂವರೆ ಕಿ.ಮೀ. ದೂರದಲ್ಲಿದ್ದರೆ ಅಡ್ಡಲಾಗಿ 13 ಮೀಟರ್ ನಡೆದಾಗ ಅವನು ಗೋಪುರದ ಪಕ್ಕಕ್ಕೆ ಒಂದು ಚಂದ್ರನಗಲದಷ್ಟು ಜರುಗುತ್ತಾನೆ. ಅವನು ಗೋಪುರದ ಬಲಕ್ಕೆ ಮೂಡಿದರೆ ನೀವು ಎಡಕ್ಕೆ ಸರಿಯಿರಿ, ಎಡಕ್ಕೆ ಮೂಡಿದರೆ ಬಲಕ್ಕೆ. ಅಡ್ಡ ನಡೆಯಲು ಅಡೆತಡೆಯಿಲ್ಲದ ಜಾಗವನ್ನೇ ಆರಿಸಿಕೊಳ್ಳಬೇಕಾದದ್ದು ಇದಕ್ಕಾಗಿ.

ಹುಣ್ಣಿಮೆಯೇ ಆಗಬೇಕೆಂದಿಲ್ಲ. ಇಟಲಿಯ ಛಾಯಾಗ್ರಾಹಕ ವಲೇರಿಯೊ ಮಿನಾಟೊ ಟ್ಯೂರಿನ್ ಬಳಿಯ ಸುಪೆರ್ಗಾ ಬೆಸಿಲಿಕಾ, ಅದರ ಹಿಂದಿನ ಮೊನ್ವಿಸೊ ಶಿಖರ ಮತ್ತು ಚಂದ್ರ ಮೂರನ್ನೂ ಒಂದೇ ಸಾಲಿನಲ್ಲಿ ಹಿಡಿದದ್ದು ಎಳೆಯ ಬಾಲಚಂದ್ರನೊಂದಿಗೆ, 2023ರ ಡಿಸೆಂಬರ್‌ನಲ್ಲಿ. ಅದಕ್ಕಾಗಿ ಅವರು ವರ್ಷಗಟ್ಟಲೆ ಕಾದಿದ್ದರು. ನಾಸಾ ಅದನ್ನು ದಿನದ ಖಗೋಳ ಚಿತ್ರವಾಗಿ ಪ್ರಕಟಿಸಿತು.

ಮೋಡ ಮುಸುಕಿ ಅವಕಾಶ ತಪ್ಪಿದರೆ ಮುಂದಿನ ತಿಂಗಳು ಅದೇ ಜಾಗಕ್ಕೆ ಕಣ್ಣುಮುಚ್ಚಿ ಹೋಗಬೇಡಿ. ಚಂದ್ರ ಸುಮಾರು 27 ದಿನಕ್ಕೊಮ್ಮೆ ಅದೇ ದಿಕ್ಕಿಗೆ ಮರಳುತ್ತಾನೆ, ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನಗಳಿಗೂ ಹೆಚ್ಚು ಬೇಕು. ಅದೇ ಗೆರೆಯ ಮೇಲೆ ಅವನು ಮತ್ತೆ ಬಂದಾಗ ಹುಣ್ಣಿಮೆಗೆ ಎರಡು ದಿನ ಉಳಿದಿರುತ್ತದೆ, ಬಾನಿನಲ್ಲಿ ಬಿಸಿಲಿರುತ್ತದೆ. ಹುಣ್ಣಿಮೆಯ ಚಂದ್ರನೇ ಬೇಕೆಂದರೆ ಹೊಸ ದಿಕ್ಕು ಹಿಡಿದು ನಕ್ಷೆಯಲ್ಲಿ ಹೊಸ ಗೆರೆ ಎಳೆಯಿರಿ.