ವಾಷಿಂಗ್ಟನ್ ನಗರದಲ್ಲಿ ಮಗುವಿಗೆ ಚಾರ್ಟರ್ ಶಾಲೆ ಹುಡುಕುವ ಹೊಸಬರಿಗೆ

ವಾಷಿಂಗ್ಟನ್ ಡಿ.ಸಿ. ಪ್ರದೇಶಕ್ಕೆ ಬರುವ ಕನ್ನಡದ ಕುಟುಂಬಗಳಲ್ಲಿ ಹೆಚ್ಚಿನವು ಮಕ್ಕಳ ಶಾಲೆಯನ್ನು ನೆನೆದು ಮೇರಿಲ್ಯಾಂಡ್ ಅಥವಾ ವರ್ಜೀನಿಯಾದ ಉಪನಗರಗಳಲ್ಲಿ ಮನೆ ಮಾಡುತ್ತವೆ. ನಾವು ನಗರದೊಳಗೇ ಉಳಿದೆವು. ಹಾಗೆ ಉಳಿಯುವ ಮನಸ್ಸಿರುವ ಹೊಸಬರು ನನ್ನನ್ನು ಮೊದಲು ಕೇಳುವುದು, ಇಲ್ಲಿನ ಚಾರ್ಟರ್ ಶಾಲೆಗಳನ್ನು ನಂಬಬಹುದೇ ಎಂದು. ನಂಬಬಹುದಾದವೂ ಇವೆ, ನಂಬಬಾರದವೂ ಇವೆ. ಯಾವುದು ಯಾವುದೆಂದು ಗುರುತಿಸಲು ನನಗೆ ಮೊದಲು ಬರಲಿಲ್ಲ, ಅದರ ಬೆಲೆಯನ್ನು ನನ್ನ ಮಗಳು ಎರಡು ವರ್ಷ ತೆತ್ತಳು.

ಚಾರ್ಟರ್ ಶಾಲೆಯೆಂದರೆ ಸರ್ಕಾರದ ಹಣದಲ್ಲಿ ಲಾಭರಹಿತ ಸಂಸ್ಥೆಯೊಂದು ನಡೆಸುವ ಶಾಲೆ. ನಮ್ಮ ಅನುದಾನಿತ ಶಾಲೆಗಳನ್ನು ನೆನೆದರೆ ಅರ್ಧದಷ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ಶುಲ್ಕವಿಲ್ಲ, ಡೊನೇಶನ್ ಇಲ್ಲ, ಪ್ರವೇಶ ಪರೀಕ್ಷೆಯಿಲ್ಲ, ತಂದೆ ತಾಯಿಯರ ಸಂದರ್ಶನವೂ ಇಲ್ಲ. ಇಂಥ ಶಾಲೆಗಳಿಗೆ ಮೊದಲ ಕಾನೂನನ್ನು ಮಿನ್ನೆಸೋಟ ರಾಜ್ಯ 1991ರಲ್ಲಿ ಮಾಡಿತು, ಇಂದು ಡಿ.ಸಿ.ಯ ಸಾರ್ವಜನಿಕ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚಾರ್ಟರ್ ಶಾಲೆಗಳಲ್ಲಿದ್ದಾರೆ. ಶಾಲೆ ನಡೆಸಲು ಸಿಗುವ ಸನ್ನದು, ಅಂದರೆ ಚಾರ್ಟರ್, 15 ವರ್ಷದ್ದು. ಈ ಶಾಲೆಗಳ ಮೇಲ್ವಿಚಾರಣೆ ನಡೆಸುವ ಪಬ್ಲಿಕ್ ಚಾರ್ಟರ್ ಸ್ಕೂಲ್ ಬೋರ್ಡ್ ಐದು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸುತ್ತದೆ, ನಡೆಯಲಾರದ ಶಾಲೆ ಮುಚ್ಚಿಯೇ ಹೋಗಬಹುದು. ಆದ್ದರಿಂದ ಶಾಲೆಯ ಕಳೆದ ಪರಿಶೀಲನೆಯ ವರದಿಯನ್ನೂ ಹಣಕಾಸಿನ ಲೆಕ್ಕವನ್ನೂ ಓದದೆ ಅರ್ಜಿ ಹಾಕಬೇಡಿ; ಎರಡೂ ಸಾರ್ವಜನಿಕ ದಾಖಲೆಗಳು.

ಪ್ರವೇಶ ನಡೆಯುವುದು ‘ಮೈ ಸ್ಕೂಲ್ ಡಿಸಿ’ ಎಂಬ ಲಾಟರಿಯ ಮೂಲಕ. ಡಿಸೆಂಬರ್‌ನಲ್ಲಿ ಅರ್ಜಿ ತೆರೆಯುತ್ತದೆ, ಪ್ರಾಥಮಿಕ ತರಗತಿಗಳಿಗೆ ಮಾರ್ಚ್ ಆರಂಭದಲ್ಲಿ ಮುಚ್ಚುತ್ತದೆ, 12 ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ನಾನು ಮೊದಲು ಎಡವಿದ್ದು ಇಲ್ಲೇ. ಸಿಇಟಿ ಆಪ್ಶನ್ ಎಂಟ್ರಿಯ ಕಾಲದಲ್ಲಿ ಬೆಳೆದ ನಾನು, ಸಿಗುವಂಥದ್ದನ್ನು ಮೇಲೆ ಹಾಕಿದರೆ ಸೀಟು ಕೈತಪ್ಪುವುದಿಲ್ಲ ಎಂದು ಲೆಕ್ಕ ಹಾಕಿ, ಮನಸ್ಸಿಗೆ ಬಂದಿದ್ದ ಎರಡು ಶಾಲೆಗಳನ್ನು ಮೂರನೆಯ, ನಾಲ್ಕನೆಯ ಸ್ಥಾನಕ್ಕೆ ತಳ್ಳಿದೆ. ಇಲ್ಲಿ ಅಂಕವಿಲ್ಲ, ರ‍್ಯಾಂಕ್ ಇಲ್ಲ. ಅಣ್ಣ ಅಕ್ಕ ಅದೇ ಶಾಲೆಯಲ್ಲಿದ್ದರೆ ಆದ್ಯತೆ ಸಿಗುವಂಥ ಕೆಲವು ನಿಯಮಗಳನ್ನು ಬಿಟ್ಟರೆ ಉಳಿದದ್ದೆಲ್ಲ ಅದೃಷ್ಟದ ಸಂಖ್ಯೆ. ಒಂದು ಶಾಲೆ ಸಿಕ್ಕಿತೆಂದರೆ, ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದ ಶಾಲೆಗಳ ಕಾಯುವ ಪಟ್ಟಿಯಲ್ಲಿ ಮಾತ್ರ ಮಗುವಿನ ಹೆಸರು ಉಳಿಯುತ್ತದೆ, ಕೆಳಗಿನವೆಲ್ಲ ಬಿದ್ದುಹೋಗುತ್ತವೆ. ನನಗೆ ಮೊದಲನೆಯದೇ ಸಿಕ್ಕಿತು. ಬೇಕಾಗಿದ್ದ ಎರಡಕ್ಕೂ ಕಾಯುವ ಹಕ್ಕನ್ನೇ ಕಳೆದುಕೊಂಡೆ. ನಿಜವಾಗಿ ಬೇಕಾದದ್ದನ್ನು ಮೊದಲು ಬರೆಯಿರಿ, ಬೇರೆ ಯಾವ ಜಾಣತನವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಿಂಡರ್‌ಗಾರ್ಟನ್‌ನಿಂದ ಮೇಲಕ್ಕೆ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಲಾಟರಿಯಿಲ್ಲದೆಯೇ ಮಗುವಿಗೆ ಸ್ಥಾನವಿದೆ, ಅದನ್ನೂ ಹೋಗಿ ನೋಡಿ.

ಸೀಟು ಸಿಕ್ಕ ಮೇಲೆ ವಾಸದ ದಾಖಲೆ, ಲಸಿಕೆಯ ಪಟ್ಟಿ, ಆರೋಗ್ಯದ ಮತ್ತು ಹಲ್ಲಿನ ತಪಾಸಣೆಯ ಪತ್ರಗಳನ್ನು ಗಡುವಿನೊಳಗೆ ಕೊಟ್ಟರೆ ಮುಗಿಯಿತು. ಉಪನಗರದಲ್ಲಿದ್ದುಕೊಂಡು ನಗರದ ಸ್ನೇಹಿತರ ವಿಳಾಸ ಕೊಡುವ ಯೋಚನೆ ಮಾತ್ರ ಬೇಡ. ಅದಕ್ಕಾಗಿ ಪೋಷಕರ ಮೇಲೆ ಮೊಕದ್ದಮೆಗಳೇ ನಡೆದಿವೆ.

ಇನ್ನು ಶಾಲೆಯನ್ನು ಅಳೆಯುವ ಮಾತು. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಜಾಲತಾಣಗಳನ್ನು ನಾನು ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ನಂಬಿದೆ. ಆ ಅಂಕಗಳಿಗೆ ಮುಖ್ಯ ಆಧಾರ ವಾರ್ಷಿಕ ಪರೀಕ್ಷೆ, ಆ ಪರೀಕ್ಷೆ ಶುರುವಾಗುವುದು ಮೂರನೇ ತರಗತಿಯಲ್ಲಿ. ನಾಲ್ಕು ವರ್ಷದ ಮಗುವನ್ನು ಸೇರಿಸುವವರಿಗೆ ಅದು ತಮ್ಮ ಮಗು ಕೂರುವ ಕೋಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಷ್ಟು ಮಕ್ಕಳು ಉತ್ತೀರ್ಣರಾದರು ಎಂಬುದಕ್ಕಿಂತ, ಇದ್ದಲ್ಲಿಂದ ಒಂದು ವರ್ಷದಲ್ಲಿ ಎಷ್ಟು ಮುಂದೆ ಹೋದರು ಎಂಬ ಪ್ರಗತಿಯ ಅಂಕಿ ಹೆಚ್ಚು ಪ್ರಾಮಾಣಿಕವಾದದ್ದು, ಏಕೆಂದರೆ ಮೊದಲನೆಯದರಲ್ಲಿ ಮನೆಯ ಅನುಕೂಲದ ಪಾಲು ತುಂಬ ದೊಡ್ಡದು.

ನಾನು ನೋಡಲೇಬೇಕಾಗಿದ್ದ ಇನ್ನೊಂದು ಲೆಕ್ಕವಿತ್ತು. ನಗರವು ಪ್ರತಿ ಅಕ್ಟೋಬರ್‌ನಲ್ಲಿ ಮಕ್ಕಳನ್ನು ಎಣಿಸಿ ತರಗತಿವಾರು ಸಂಖ್ಯೆ ಪ್ರಕಟಿಸುತ್ತದೆ. ಕಿಂಡರ್‌ಗಾರ್ಟನ್‌ನಲ್ಲಿ ಮೂರು ವಿಭಾಗ ತುಂಬಿರುವ ಶಾಲೆಯ ಐದನೇ ತರಗತಿಯಲ್ಲಿ ಒಂದೂವರೆ ವಿಭಾಗದಷ್ಟು ಮಕ್ಕಳಿದ್ದರೆ, ಉಳಿದವರು ಎಲ್ಲಿಗೆ ಹೋದರು, ಏಕೆ ಹೋದರು, ಖಾಲಿಯಾದ ಜಾಗಗಳಿಗೆ ಹೊಸ ಮಕ್ಕಳನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿ. ಕಷ್ಟಪಡುವ ಮಕ್ಕಳು ಬಿಟ್ಟುಹೋದ ಮೇಲೆ ಉಳಿದವರ ಅಂಕ ತಾನಾಗಿ ಮೇಲೇರುತ್ತದೆ. ವರ್ಷದ ನಡುವೆ ಎಷ್ಟು ಮಕ್ಕಳು ಹೊರಟರು, ಎಷ್ಟು ಮಂದಿಯನ್ನು ಅಮಾನತು ಮಾಡಿದರು ಎಂಬುದೂ ಸಿಗುತ್ತದೆ. ಶಿಕ್ಷಕರಲ್ಲಿ ಕಳೆದ ವರ್ಷದವರು ಎಷ್ಟು ಮಂದಿ ಉಳಿದಿದ್ದಾರೆ ಎಂದು ಮುಖ್ಯಸ್ಥರನ್ನು ನೇರವಾಗಿ ಕೇಳಿ. ವಿಶೇಷ ನೆರವು ಬೇಕಾದ ಮಕ್ಕಳಿಗೆ ಪಾಠ ಹೇಗೆ ನಡೆಯುತ್ತದೆ ಎಂದೂ ಕೇಳಿ, ನಿಮ್ಮ ಮಗುವಿಗೆ ಅದು ಬೇಡವಾಗಿದ್ದರೂ ಕೇಳಿ. ಆ ಉತ್ತರದಲ್ಲಿ ಶಾಲೆಯ ಸ್ವಭಾವ ತಿಳಿಯುತ್ತದೆ.

ಇವೆಲ್ಲಕ್ಕೂ ಮೊದಲು ಒಂದು ಸಾಧಾರಣ ದಿನ ಹೋಗಿ ನೋಡಬೇಕಿತ್ತು. ನಾನು ನೋಡಿದ್ದು ಪೋಷಕರಿಗೆಂದು ಸಿಂಗರಿಸಿದ ಸಂಜೆಯನ್ನು. ಸಮವಸ್ತ್ರ ತೊಟ್ಟ ಮಕ್ಕಳು ಕೈ ಹಿಂದೆ ಕಟ್ಟಿ ಸಾಲಾಗಿ ನಡೆದುಹೋದದ್ದನ್ನು ಕಂಡು, ಇಲ್ಲೊಂದು ಶಿಸ್ತಿನ ಶಾಲೆ ಸಿಕ್ಕಿತೆಂದು ಸಂತೋಷಪಟ್ಟೆ. ಮರುವರ್ಷ ಅಮ್ಮ ಅರಸೀಕೆರೆಯಿಂದ ಬಂದರು. ಮೂವತ್ತೆರಡು ವರ್ಷ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಶಾಲೆಯಲ್ಲಿ ಮನೆಯ ಹಿರಿಯರನ್ನು ಊಟಕ್ಕೆ ಕರೆದಿದ್ದ ದಿನ ಮೊಮ್ಮಗಳ ಪಕ್ಕದಲ್ಲಿ ಕುಳಿತು ಬಂದ ಅಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದರು: “ಅಷ್ಟು ಚಿಕ್ಕ ಮಕ್ಕಳು ಊಟದ ಹೊತ್ತಲ್ಲೂ ಮಾತಾಡದೆ ಕೂತಿರ್ತಾರಲ್ಲೇ, ಯಾರಿಗೆ ಹೆದರ್ಕೊಂಡು?” ನನಗೆ ಉತ್ತರ ಹೊಳೆಯಲಿಲ್ಲ. ಮಾತಾಡಿದರೆ ಅಂಕ ಕಳೆಯುತ್ತಾರೆ, ಅಂಕ ಕಡಿಮೆಯಾದರೆ ಶುಕ್ರವಾರದ ಆಟ ತಪ್ಪುತ್ತದೆ ಎಂದು ಆ ರಾತ್ರಿ ಮಗಳೇ ಹೇಳಿದಳು. ನಾನು ಒಂದೂವರೆ ವರ್ಷದಿಂದ ಅವಳನ್ನು ಕೇಳಿದ್ದು ಓದು ಎಲ್ಲಿಗೆ ಬಂತು ಎಂಬುದನ್ನು ಮಾತ್ರ.

ಹಾಗಾಗಿ ನೀವು ಹೋಗುವುದಾದರೆ ಊಟದ ಹೊತ್ತಿಗೆ, ಆಟದ ಹೊತ್ತಿಗೆ ಹೋಗಿ. ತಪ್ಪು ಉತ್ತರ ಕೊಟ್ಟ ಮಗುವಿಗೆ ಶಿಕ್ಷಕಿ ಏನು ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿ. ಅಳುವ ಮಗುವಿನ ಬಳಿ ಯಾರು ಹೋಗುತ್ತಾರೆ ಎಂದು ನೋಡಿ. ಗೋಡೆಯ ಮೇಲಿನ ಚಿತ್ರಗಳೆಲ್ಲ ಒಂದೇ ಅಚ್ಚಿನಂತಿವೆಯೇ, ಇಲ್ಲವೇ ಮಕ್ಕಳ ಕೈ ಅವುಗಳಲ್ಲಿ ಕಾಣುತ್ತದೆಯೇ ಎಂದು ಗಮನಿಸಿ. ಭೇಟಿಗೆ ಅವಕಾಶವನ್ನೇ ಕೊಡದ ಶಾಲೆಯನ್ನು ನಾನಾದರೆ ಪಟ್ಟಿಯಿಂದ ತೆಗೆಯುತ್ತೇನೆ. ಶೇಂಗಾ ಬೀಜದ ಅಲರ್ಜಿಯ ಕಾರಣ ಅನೇಕ ಶಾಲೆಗಳಲ್ಲಿ ಅದಕ್ಕೆ ನಿಷೇಧವಿದೆ, ಚಿತ್ರಾನ್ನ ಕಟ್ಟುವ ಮುನ್ನ ವಿಚಾರಿಸಿ.

ಊರಿಗೆ ಹೋಗುವ ವಿಷಯದಲ್ಲೂ ನಮ್ಮ ರೂಢಿ ಇಲ್ಲಿ ಹೊಂದುವುದಿಲ್ಲ. ತಮ್ಮನ ಮದುವೆಗೆಂದು ಮಗಳನ್ನು ನಾಲ್ಕು ವಾರ ಕರೆದುಕೊಂಡು ಹೋದೆ, ಹೋದ ಮೇಲೆ ಶಾಲೆಗೆ ತಿಳಿಸಿದೆ. ಶಾಲಾ ದಿನಗಳ ಶೇ. 10ರಷ್ಟು ತಪ್ಪಿದರೆ ಅದನ್ನು ದೀರ್ಘಕಾಲದ ಗೈರುಹಾಜರಿ ಎಂದು ಗಣಿಸುತ್ತಾರೆ. ಡಿ.ಸಿ.ಯಲ್ಲಿ 5ರಿಂದ 13 ವರ್ಷದ ಮಗು ಒಪ್ಪಿಗೆಯಿಲ್ಲದೆ 10 ದಿನ ತಪ್ಪಿಸಿದರೆ ವಿಷಯ ಮಕ್ಕಳ ರಕ್ಷಣೆಯ ಇಲಾಖೆಗೆ ಹೋಗುತ್ತದೆ. ಮದುವೆಯ ಮನೆಯಲ್ಲಿ ಕುಳಿತು, ಹಾಗೆಂದು ಶಾಲೆ ಕಳಿಸಿದ ಪತ್ರ ಓದಿದಾಗ ಕೈ ನಡುಗಿತು. ಪ್ರಯಾಣವನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಗೌರಿ ಹಬ್ಬ, ದಸರೆ ಎರಡೂ ಆಗ ಸಿಗುವುದಿಲ್ಲ ಎಂಬ ನೋವು ನನಗೂ ಇದೆ.

ಕೊನೆಯದು, ನನಗೆ ಇಂದಿಗೂ ಸಂಕಟ ತರುವುದು. ದಾಖಲಾತಿಯ ಸಮಯದಲ್ಲಿ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳುತ್ತಾರೆ. ಕನ್ನಡ ಎಂದರೆ ಮಗಳನ್ನು ಹಿಂದಿನ ಬೆಂಚಿಗೆ ಕಳಿಸುತ್ತಾರೆಂದು ಹೆದರಿ ಇಂಗ್ಲಿಷ್ ಎಂದು ಬರೆದೆ, ಬರೆದದ್ದು ಸುಳ್ಳಾಗಬಾರದೆಂದು ಮನೆಯಲ್ಲೂ ಇಂಗ್ಲಿಷ್ ಆಡತೊಡಗಿದೆ. ನಿಜವಾಗಿ ಕನ್ನಡ ಎಂದು ಬರೆದರೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಹೆಚ್ಚಿನ ನೆರವು ಕೊಡುತ್ತಾರೆ. ಅದನ್ನು ಪಡೆಯುವುದು ಮಗುವಿನ ಹಕ್ಕು, ಬೇಡವೆನ್ನುವ ಹಕ್ಕು ಪೋಷಕರಿಗಿದೆ. ಸ್ಪ್ಯಾನಿಷ್, ಫ್ರೆಂಚ್, ಮ್ಯಾಂಡರಿನ್, ಹೀಬ್ರೂ ಭಾಷೆಗಳಲ್ಲಿ ಪಾಠ ಮಾಡುವ ಚಾರ್ಟರ್ ಶಾಲೆಗಳೇ ಇರುವ ನಗರವಿದು. ಎರಡು ಭಾಷೆಯ ಮಗುವನ್ನು ಇಲ್ಲಿ ಯಾರೂ ಕೀಳಾಗಿ ಕಾಣುತ್ತಿರಲಿಲ್ಲ, ಹಾಗೆ ಕಂಡವಳು ನಾನು.

ಮಗಳ ಶಾಲೆ ಬದಲಾಯಿಸಿದ ಮೇಲೆ ಅದೇ ಹೊಸ ಶಾಲೆಗೆ ಮಗನನ್ನು ಸೇರಿಸುವಾಗ ಕನ್ನಡ ಎಂದೇ ಬರೆದೆ. ಎರಡು ವರ್ಷ ಅವನಿಗೆ ಪ್ರತ್ಯೇಕ ಶಿಕ್ಷಕಿಯ ಪಾಠ ಸಿಕ್ಕಿತು, ಮನೆಯಲ್ಲಿ ನಮ್ಮ ಮಾತು ಕನ್ನಡಕ್ಕೆ ಮರಳಿತು. ಮಗಳಿಗೆ ಅದು ತಡವಾಗಿತ್ತು. ಭಾನುವಾರ ಅರಸೀಕೆರೆಗೆ ಫೋನ್ ಹಚ್ಚಿದಾಗ ಅಜ್ಜಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಉತ್ತರವನ್ನು ತಮ್ಮನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಅವನು ಅದನ್ನು ಕನ್ನಡದಲ್ಲಿ ಅಜ್ಜಿಗೆ ಮುಟ್ಟಿಸುತ್ತಾನೆ.