ಮನೇಲಿ ಪ್ಲಾಸ್ಟಿಕ್ಕು, ಕಸ ಕಮ್ಮಿ ಮಾಡೋದು ಹೇಗೆ: ಹಾಲಿನ ಕವರಿಂದ ಶುರು ಮಾಡಿ

ಪ್ಲಾಸ್ಟಿಕ್ ಬಿಡ್ಬೇಕು ಅಂದ ತಕ್ಷಣ ತುಂಬಾ ಜನ ಮನೇಲಿರೋ ಡಬ್ಬಿ ಎಲ್ಲಾ ತೆಗ್ದು ಹಾಕಿ ಗಾಜಿನ ಜಾರು, ಬಿದಿರಿನ ಬ್ರಷ್ಷು ಅಂತ ಆನ್‌ಲೈನಲ್ಲಿ ಆರ್ಡರ್ ಮಾಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಬೇಳೆ ಹಾಕಿರೋ ಡಬ್ಬಿ ಇನ್ನೂ ಎಷ್ಟೋ ವರ್ಷ ಬರುತ್ತೆ, ಇರ್ಲಿ ಬಿಡಿ. ಮೊದ್ಲು ಒಂದು ವಾರ ಏನೂ ಬದಲಾಯಿಸದೇ ಕಸದ ಬುಟ್ಟೀಗೆ ದಿನಾ ಏನೇನ್ ಬೀಳುತ್ತೆ ಅಂತ ಒಂದು ಚೀಟೀಲಿ ಬರ್ದಿಡಿ. ನಮ್ಮನೇಲಿ ಬರ್ದಾಗ ಲೆಕ್ಕದಲ್ಲಿ ಮೇಲೆ ಬಂದಿದ್ದು ಹಾಲಿನ ಕವರು, ಆಮೇಲೆ ಸೊಪ್ಪು ತರಕಾರಿ ಕವರು, ಆಮೇಲೆ ಬಿಸ್ಕೆಟ್ ಚಿಪ್ಸ್ ಪ್ಯಾಕೆಟ್ಟು. ತೂಕದಲ್ಲಿ ನೋಡಿದ್ರೆ ಮಾತ್ರ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ, ಸಿಪ್ಪೆ, ಕಾಫಿ ಗಸಿ, ಉಳಿದ ಅನ್ನ.

ಹಾಲಿನ ಕವರ್ ಲೆಕ್ಕ ನೋಡಿ. ದಿನಕ್ಕೆ ಒಂದು ಲೀಟರ್ ಬೇಕು, ಅರ್ಧ ಲೀಟರಿನ ಎರಡು ಪ್ಯಾಕೆಟ್ ತಗೋತೀರ ಅಂದ್ರೆ ವರ್ಷಕ್ಕೆ 730 ಕವರು, ಒಂದು ಲೀಟರಿಂದೇ ತಗೊಂಡ್ರೆ 365. ಇನ್ನೊಂದು, ಮೂಲೆ ಪೂರ್ತಿ ಕತ್ತರಿಸ್ಬೇಡಿ, ಆ ಚಿಕ್ಕ ತುಂಡನ್ನ ಯಾರೂ ಆರಿಸೋಕಾಗಲ್ಲ, ಸಿಂಕಿಗೋ ಚರಂಡಿಗೋ ಹೋಗಿ ಮಣ್ಣು ಸೇರುತ್ತೆ. ತುದಿ ಕವರಿಗೇ ಅಂಟ್ಕೊಂಡಿರೋ ಹಾಗೆ ಸೀಳಿ, ಒಂದು ಲೋಟ ನೀರಲ್ಲಿ ಅಲ್ಲಾಡಿಸಿ ಆ ನೀರನ್ನ ಗಿಡಕ್ಕೆ ಹಾಕಿ, ಕವರನ್ನ ಕ್ಲಿಪ್ ಹಾಕಿ ಒಣಗಿಸಿ. ಒಣಗಿದ ಹಾಲಿನ ಕವರನ್ನ ಎಷ್ಟೋ ಗುಜರಿ ಅಂಗಡಿಯವ್ರು ತೂಕಕ್ಕೆ ತಗೋತಾರೆ. ತೊಳೀದೆ ಹಾಕಿದ್ರೆ ನಾರುತ್ತೆ, ಅದನ್ನ ಕೈಯಲ್ಲಿ ಬೇರೆ ಮಾಡೋರೂ ಮನುಷ್ಯರೇ ತಾನೆ.

ಸೊಪ್ಪಿನ ಕವರಿಗೆ ಬರೋಣ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ ಇದೆ, 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆ ಎಲ್ಲಾ ದೇಶದಲ್ಲೇ ಬಂದ್. ಆದ್ರೂ ಗಾಡಿಯವ್ರು ತೆಳು ಕವರ್ ಕೊಡೋದು ಯಾಕೆ ಅಂದ್ರೆ ನಾವು ಕೈ ಬೀಸ್ಕೊಂಡು ಹೋಗ್ತೀವಿ, ಕೊಡ್ಲಿಲ್ಲ ಅಂದ್ರೆ ಪಕ್ಕದ ಗಾಡಿಗೆ ಹೋಗ್ತೀವಿ, ಹಾಗಾಗಿ ಅವ್ರನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಹಳೇ ಕಾಟನ್ ಪಂಚೆ ಒಂದಿದ್ರೆ ಸಣ್ಣ ಸಣ್ಣ ಚೀಲ ಹೊಲಿಸ್ಕೊಳ್ಳಿ, ಒಂದು ಗಾಡೀಲಿ, ಒಂದು ಆಫೀಸ್ ಬ್ಯಾಗಲ್ಲಿ, ಒಂದು ಬಾಗಿಲ ಹಿಂದಿನ ಮೊಳೇಲಿ ಇರ್ಲಿ. ಕೊತ್ತಂಬರಿನ ಅದೇ ಬಟ್ಟೇಲಿ ಸ್ವಲ್ಪ ಒದ್ದೆ ಮಾಡಿ ಸುತ್ತಿ ಫ್ರಿಜ್ಜಲ್ಲಿಟ್ರೆ ಬೇಗ ಬಾಡಲ್ಲ. ಜವಳಿ ಅಂಗಡೀಲಿ ಕೊಡೋ ಬಟ್ಟೆ ಥರ ಕಾಣೋ ಬಣ್ಣದ ಬ್ಯಾಗ್ ಇದ್ಯಲ್ಲ, ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್, ಅಂದ್ರೆ ಅದೂ ಪ್ಲಾಸ್ಟಿಕ್ಕೇ. ಇರೋದನ್ನ ಹರಿಯೋವರೆಗೂ ಬಳಸಿ, ಹೊಸದು ಬೇಡ ಅನ್ನಿ.

ಹೋಟೆಲ್ ಪಾರ್ಸಲ್‌ಗೆ ಸ್ಟೀಲ್ ಕ್ಯಾರಿಯರ್ ತಗೊಂಡು ಹೋಗಿ, ಕುದಿಯೋ ಸಾಂಬಾರ್ ತೆಳು ಕವರಿಗೆ ಸುರಿಯೋದು ನೋಡಿದ್ರೇನೇ ಬೇಜಾರಾಗುತ್ತೆ. ಚಿಕನ್ ಅಂಗಡೀಲೂ ಡಬ್ಬಿ ಕೊಟ್ಟು, ಮೊದ್ಲು ಡಬ್ಬಿ ತೂಕ ಕಳೀರಿ ಅಂತ ಹೇಳಿ, ಒಂದೆರಡ್ ಸಲ ಆದ್ಮೇಲೆ ಅವ್ರೇ ಡಬ್ಬಿ ಎಲ್ಲಿ ಅಂತ ಕೇಳ್ತಾರೆ. ಪಾತ್ರೆ ಉಜ್ಜೋಕೆ ಒಣಗಿದ ಹೀರೆಕಾಯಿ ನಾರು ಸಾಕು.

ಈಗ ಹಸಿ ಕಸ, ನಿಜವಾದ ಬದಲಾವಣೆ ಆಗೋದು ಇಲ್ಲೇ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿಗೆ ಹೋಗಿ ಬಿತ್ತು, ಅಲ್ಲಿನವ್ರು ಆ ನಾತ, ನೊಣ, ಕೆಟ್ಟ ನೀರಲ್ಲೇ ಬದುಕಿದ್ರು, ಅದಕ್ಕೆ ದೊಡ್ಡ ಕಾರಣ ಹಸಿ ಕಸನೂ ಪ್ಲಾಸ್ಟಿಕ್ಕೂ ಒಟ್ಟಿಗೆ ಕೊಳೆತಿದ್ದು. ಮನೇಲಿ ಗೊಬ್ಬರ ಮಾಡೋಕೆ 20 ಲೀಟರಿನ ಹಳೇ ಪೇಂಟ್ ಬಕೆಟ್ ಎರಡು ಬೇಕು. ಚೆನ್ನಾಗಿ ತೊಳೆದು ಸುತ್ತಲೂ, ತಳದಲ್ಲೂ ಪೆನ್ಸಿಲ್ ದಪ್ಪದ ತೂತು ಮಾಡಿ, ಕೆಳಗೆ ಒಂದು ತಟ್ಟೆ ಇಟ್ಟು, ತಳಕ್ಕೆ ಎರಡು ಇಂಚು ಒಣಗಿದೆಲೆ ಹಾಕಿ. ದಿನಾ ಸಿಪ್ಪೆ ಎಷ್ಟು ಹಾಕ್ತೀರೋ ಅಷ್ಟೇ ಒಣಗಿದೆಲೆ ಇಲ್ಲಾ ತೆಂಗಿನ ನಾರಿನ ಪುಡಿ ಮೇಲೆ ಹಾಕ್ಲೇಬೇಕು, ಇದೊಂದನ್ನ ತಪ್ಪಿಸ್ಬೇಡಿ. ಶುರುವಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಇಲ್ಲಾ ಒಂದು ಹಿಡಿ ಸಗಣಿ ಹಾಕಿದ್ರೆ ಬೇಗ ಕೊಳೆಯುತ್ತೆ. ವಾರಕ್ಕೆ ಎರಡ್ ಸಲ ಕೋಲಲ್ಲಿ ಕೆಳಗಿಂದ ಮೇಲೆ ತಿರುವಿ.

ತುಂಬಾ ಜನ ಬಿಟ್ಬಿಡೋದು ವಾಸನೆ, ಹುಳ ಬಂದಾಗ. ವಾಸನೆ ಬಂತು ಅಂದ್ರೆ ಒಳಗೆ ಗಾಳಿ ಆಡ್ತಿಲ್ಲ, ನೀರು ಜಾಸ್ತಿ ಆಗಿದೆ ಅಂತ, ಒಣಗಿದೆಲೆ ಹಾಕಿ ತಿರುವಿ, ಎರಡು ಮೂರು ದಿನದಲ್ಲಿ ಹೋಗುತ್ತೆ. ಬಿಳೀ ಹುಳ ಬಂದ್ರೂ ಅವು ಕಸ ತಿನ್ನೋ ಕೆಲ್ಸನೇ ಮಾಡ್ತಿರುತ್ವೆ, ಬೇಡ ಅನಿಸಿದ್ರೆ ಇನ್ನಷ್ಟು ಒಣ ಪದಾರ್ಥ ಹಾಕಿ. ಒಂದು ಹಿಡಿ ಹಿಂಡಿ ನೋಡಿ, ಒಂದೆರಡು ಹನಿ ಬಂದ್ರೆ ಸರಿ, ಸುರಿದ್ರೆ ಒದ್ದೆ ಜಾಸ್ತಿ. ಎಣ್ಣೆ ಪಲ್ಯ, ಮಾಂಸ, ಮೂಳೆ ಬೇಡ. ಅವರೆಕಾಯಿ ಸೀಸನ್ನಲ್ಲಿ ರಾಶಿ ಸಿಪ್ಪೆ ಬರುತ್ತಲ್ಲ, ಅದನ್ನ ಬಿಸಿಲಲ್ಲಿ ಒಣಗಿಸಿಟ್ಕೊಂಡ್ರೆ ಎಲೆ ಬದ್ಲು ಅದೇ ಆಗುತ್ತೆ. ಬಕೆಟ್ ತುಂಬಿದ್ಮೇಲೆ ಮುಚ್ಚಿ ಪಕ್ಕಕ್ಕಿಟ್ಟು ಎರಡನೇದು ಶುರು ಮಾಡಿ, ಒಂದೂವರೆ ಎರಡು ತಿಂಗಳಲ್ಲಿ ಕಪ್ಪಗೆ ಉದುರುದುರಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ. ಮೊದಲ ಸಲ ಅದನ್ನ ಕರಿಬೇವಿನ ಗಿಡಕ್ಕೆ ಹಾಕ್ದಾಗ ಆಗೋ ಖುಷಿನೇ ಬೇರೆ.

ಹಸಿ ಕಸ ಬೇರೆ ಹೋದ್ಮೇಲೆ ಉಳಿದದ್ದು ನಾರಲ್ಲ, ಒಂದು ಚೀಲದಲ್ಲಿ ಆರಾಮಾಗಿ ಸೇರಿಸ್ಬಹುದು. ಚಿಪ್ಸ್ ಪ್ಯಾಕೆಟ್ಟಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಅಂಟ್ಕೊಂಡಿರುತ್ತೆ, ಬಿಡಿಸೋದು ಕಷ್ಟ, ಗುಜರಿಯವ್ರೂ ತಗೊಳಲ್ಲ, ಹಾಗಾಗಿ ಅಲ್ಲಿ ತಿನ್ನೋದನ್ನೇ ಕಮ್ಮಿ ಮಾಡ್ಬೇಕು. ಪ್ಯಾಡು, ಡೈಪರ್ರು ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗೇ ಕೊಡಿ.

ಮನೇಲಿ ನಾಮಕರಣ, ಗೃಹಪ್ರವೇಶ ಇದ್ರೆ ಬಾಳೆ ಎಲೆ ಇಲ್ಲಾ ಮುತ್ತುಗದ ಎಲೆ, ನೀರಿಗೆ ಸ್ಟೀಲ್ ಲೋಟ ಅಂತ ಅಡುಗೆಯವ್ರಿಗೆ ಮೊದ್ಲೇ ಹೇಳಿ. ಪೇಪರ್ ಕಪ್ ಪರವಾಗಿಲ್ಲ ಅನ್ಕೋಬೇಡಿ, ಒಳಗಡೆ ಪ್ಲಾಸ್ಟಿಕ್ ಪದರ ಇರುತ್ತೆ. ಲೋಟ ತೊಳೆಯೋಕೆ ಒಬ್ರು ಜಾಸ್ತಿ ಬೇಕಾಗುತ್ತೆ, ಅವ್ರ ಕೂಲಿನೂ ಮೊದ್ಲೇ ಮಾತಾಡಿ ಲೆಕ್ಕಕ್ಕೆ ಸೇರಿಸ್ಕೊಳ್ಳಿ.