ರಕ್ತ ಕಮ್ಮಿ ಅಂದರೆ ಏನು ಕಮ್ಮಿ? ರಿಪೋರ್ಟ್ ಓದುವುದು ಹೀಗೆ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೇಜಿಗಟ್ಟಲೆ ಬೀಟ್‌ರೂಟ್ ಕೊಳ್ಳುವವರನ್ನು ಮಾತಾಡಿಸಿ ನೋಡಿ. ‘ಡಾಕ್ಟರು ರಕ್ತ ಕಮ್ಮಿ ಅಂದ್ರು’ ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಬಣ್ಣ ಕೆಂಪಗಿದ್ದ ಮಾತ್ರಕ್ಕೆ ಬೀಟ್‌ರೂಟ್ ರಕ್ತವಾಗುವುದಿಲ್ಲ, ಅದರಲ್ಲಿರುವ ಕಬ್ಬಿಣ ಕಡಿಮೆಯೇ. ತಿನ್ನಿ, ತೊಂದರೆಯಿಲ್ಲ. ಆದರೆ ಮೊದಲು ಕಪಾಟಿನಲ್ಲಿ ಮಡಚಿಟ್ಟ ರಕ್ತಪರೀಕ್ಷೆಯ ರಿಪೋರ್ಟ್ ತೆಗೆಯಿರಿ. ‘ರಕ್ತ ಕಮ್ಮಿ’ ಅನ್ನುವುದು ‘ಜ್ವರ’ ಅಂದ ಹಾಗೆ. ಯಾಕೆ ಬಂತು ಅಂತ ಕೇಳದೆ ಔಷಧಿ ಕುಡಿದರೆ ಸುಮ್ನೆ ದುಡ್ಡು ದಂಡ.

ಒಂದು: ಹಿಮೋಗ್ಲೋಬಿನ್ ನೋಡಿ

ಡೆಸಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12, ಬಸುರಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಇಷ್ಟೇ. ಈ ಸಂಖ್ಯೆ ಕಾರಣ ಹೇಳುವುದಿಲ್ಲ.

ಎರಡು: ಎಂಸಿವಿ ಹುಡುಕಿ

ಅದೇ ಹಾಳೆಯಲ್ಲಿ ಕೆಳಗೆ ‘ಎಂಸಿವಿ’ ಅಂತ ಇರುತ್ತದೆ. ಕೆಂಪು ರಕ್ತಕಣದ ಸರಾಸರಿ ಗಾತ್ರ ಅದು. 80ರಿಂದ 100 ಇದ್ದರೆ ಸರಿ. ಕಣ ಸಣ್ಣದೋ ದೊಡ್ಡದೋ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಹೆಚ್ಚಿನವರು ಈ ಸಾಲನ್ನು ನೋಡುವುದೇ ಇಲ್ಲ.

ಮೂರು: 80ಕ್ಕಿಂತ ಕಡಿಮೆಯಿದ್ದರೆ

ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಖಚಿತ ಮಾಡಿಕೊಳ್ಳಲು, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಫೆರಿಟಿನ್ ಪರೀಕ್ಷೆ ಇದೆ. ಮುಂದಿನ ಪ್ರಶ್ನೆ: ಕಬ್ಬಿಣ ಒಳಗೆ ಬರುತ್ತಿಲ್ಲವೋ, ಹೊರಗೆ ಸೋರುತ್ತಿದೆಯೋ?

ಸೋರುವ ದಾರಿಗಳು ಬೇಕಾದಷ್ಟಿವೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ಮೂಲವ್ಯಾಧಿ, ಮಂಡಿನೋವಿಗೆ ದಿನಾ ನುಂಗುವ ಮಾತ್ರೆಯಿಂದ ಹೊಟ್ಟೆಯಲ್ಲಾಗುವ ಹುಣ್ಣು. ತೋಟದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದಿದೆ: ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ ಇದರ ಮರಿ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿನಲ್ಲಿ ಕಚ್ಚಿಕೊಂಡು ದಿನಾ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ. ನಮ್ಮವರು ಜಿಗಣೆಗೆ ಹೆದರಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚುತ್ತಾರೆ. ಪಾಪ, ಜಿಗಣೆ ಒಂದು ಹೊತ್ತು ಕುಡಿದು ಉದುರಿಹೋಗುತ್ತದೆ. ಕೊಕ್ಕೆಹುಳು ವರ್ಷಗಟ್ಟಲೆ ಬಾಡಿಗೆಯಿಲ್ಲದೆ ಇರುತ್ತದೆ! ಅದಕ್ಕೆ ಆಲ್ಬೆಂಡಜೋಲ್ ಮಾತ್ರೆಯಿದೆ. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಮಕ್ಕಳಿಗೆ ಕೊಡುವುದು ಇದನ್ನೇ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಲಿ. ತೋಟಕ್ಕೆ ಇಳಿಯುವಾಗ ಗಂಬೂಟು ಇರಲಿ. ಕಾರ್ಮಿಕರ ಲೈನ್ ಮನೆಗೊಂದು ಶೌಚಾಲಯವಿಲ್ಲದಿದ್ದರೆ ಹುಳು ಮತ್ತೆ ಮಣ್ಣಿಗೆ ಬರುತ್ತದೆ. ಇದನ್ನು ನೋಡಬೇಕಾದವರು ತೋಟದ ಮಾಲೀಕರು.

ವಯಸ್ಸಾದವರಲ್ಲಿ, ಅದರಲ್ಲೂ ಗಂಡಸರಲ್ಲಿ ಕಬ್ಬಿಣ ಇಳಿದಿದ್ದರೆ ಟಾನಿಕ್ ಕುಡಿದು ಕೂರಬೇಡಿ. ಹೊಟ್ಟೆ, ಕರುಳನ್ನು ಪರೀಕ್ಷೆ ಮಾಡಿಸಲೇಬೇಕು.

ಎಂಸಿವಿ ತುಂಬಾ ಕಡಿಮೆ, ಫೆರಿಟಿನ್ ಮಾತ್ರ ಸರಿಯಾಗಿಯೇ ಇದೆ ಅಂದರೆ ತಲಸ್ಸೇಮಿಯಾ ಗುಣ ಇರಬಹುದು. ಇದು ತಂದೆತಾಯಿಯಿಂದ ಬರುವ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ದೋಷ. ಕಬ್ಬಿಣ ತಿಂದರೆ ಉಪಯೋಗವಿಲ್ಲ.

ನಾಲ್ಕು: 100ಕ್ಕಿಂತ ಹೆಚ್ಚಿದ್ದರೆ

ಬಿ12 ಅಥವಾ ಫೋಲಿಕ್ ಆ್ಯಸಿಡ್ ಕೊರತೆ ಇರಬಹುದು. ಬಿ12 ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ ಸಿಗುತ್ತದೆ. ‘ವಾರಕ್ಕೆರಡು ಸಲ ಪಂದಿ ಕರಿ ತಿನ್ನುವವನಿಗೆ ಎಲ್ಲಿಯ ಕೊರತೆ?’ ಅಂತ ಕೇಳಬಹುದು. ತಿಂದದ್ದು ಹೀರಿಕೊಳ್ಳದಿದ್ದರೂ ಕೊರತೆಯೇ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯಬಹುದು. ಪಾದ ಜುಮ್ಮೆನ್ನುತ್ತಿದ್ದರೆ ತಡಮಾಡಬೇಡಿ. ಬರೀ ಫೋಲಿಕ್ ಆ್ಯಸಿಡ್ ನುಂಗಿದರೆ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ಕುಡಿತ ಜಾಸ್ತಿಯಾದರೂ ಕಣ ದೊಡ್ಡದಾಗುತ್ತದೆ.

ಐದು: ಗಾತ್ರ ಸರಿಯಿದ್ದೂ ರಕ್ತ ಕಮ್ಮಿಯಿದ್ದರೆ

ಮೂತ್ರಪಿಂಡದ ತೊಂದರೆ, ಬಹುದಿನದ ಕಾಯಿಲೆ ಕಾರಣವಾಗಿರಬಹುದು. ಕುಡಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕೂಡ ಎಷ್ಟೋ ಸಲ ಹೀಗೇ ಕಾಣುತ್ತದೆ. ಬುಡಕಟ್ಟು ಸಮುದಾಯಗಳಲ್ಲಿ ಇದು ಹೆಚ್ಚು ಅನ್ನುವ ಕಾರಣಕ್ಕೇ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಯಿತು. ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿರುವ ಕೊಡಗಿಗೆ ಇದು ದೂರದ ಮಾತಲ್ಲ. ಕುಡಗೋಲಿನಂತೆ ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತವೆ. ಚಳಿ, ನೀರು ಕುಡಿಯದಿರುವುದು ಇದನ್ನು ಕೆರಳಿಸುತ್ತವೆ. ಮಳೆಗಾಲದಲ್ಲಿ ಹುಡುಗನೊಬ್ಬ ಮೈಕೈ ನೋವು ಅಂತ ಮತ್ತೆಮತ್ತೆ ಮಲಗಿದರೆ ಸೋಮಾರಿ ಅನ್ನುವ ಮೊದಲು ಪರೀಕ್ಷೆ ಮಾಡಿಸಿ. ಗಂಡಹೆಂಡತಿ ಇಬ್ಬರಲ್ಲೂ ಇದರ ವಾಹಕ ಗುಣವಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಆರು: ಕಬ್ಬಿಣದ ಮಾತ್ರೆಯೇ ಬೇಕೆಂದಾದರೆ

ಕೊಡಗಿನವರಿಗೆ ಇದೇ ಕಷ್ಟದ ಹೆಜ್ಜೆ. ಕಾಫಿ ಬಿಟ್ಟಿರಬೇಕಲ್ವಾ! ಪೂರ್ತಿ ಬಿಡುವುದು ಬೇಡ. ಊಟದ ಜೊತೆ, ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಒಂದೆರಡು ಗಂಟೆ ಅಂತರವಿರಲಿ. ಬೆಲ್ಲದ ಕಾಫಿಯಾದರೂ ಅಷ್ಟೇ, ಬೆಲ್ಲದಲ್ಲಿ ಕಬ್ಬಿಣವಿದೆ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಬದಲಿಗೆ ಕಿತ್ತಳೆಯನ್ನೋ ನಿಂಬೆರಸವನ್ನೋ ಜೊತೆಗೆ ತೆಗೆದುಕೊಳ್ಳಿ, ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ. ಆದರೆ ಮಾತ್ರೆ ಶುರುಮಾಡುವ ಮೊದಲೇ ಡಾಂಬರಿನಂತೆ ಕಪ್ಪಗಿದ್ದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದು ಗ್ರಾಮಾದರೂ ಏರಿರಬೇಕು. ಏರಿದರೆ, ಮಾಮೂಲಿ ಮಟ್ಟಕ್ಕೆ ಬಂದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ನಿಲ್ಲಿಸಬೇಡಿ. ಖಾಲಿಯಾದ ದಾಸ್ತಾನು ತುಂಬಬೇಕಲ್ಲ. ಏರದಿದ್ದರೆ ಹಳೆಯ ರಿಪೋರ್ಟ್, ಹೊಸದು ಎರಡನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ, ಎರಡನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.